ಟವೆಲ್ ಮುಚ್ಚಿದ ಈಜುಕೊಳ

ಸುರಪುರದಲ್ಲಿ ನಮ್ಮ ಮನೆತನ ತಲೆತಲಾಂತರದಿಂದ ಮರ್ಯಾದೆಗೆ ಹೆಸರಾದದ್ದು. ನಮ್ಮಲ್ಲಿ ಹೆಣ್ಣುಮಕ್ಕಳೂ ಬೆನ್ನಿಗೆ ಬೆಂಡು ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವರು. ಕಾನ್ವೆಂಟಿನಲ್ಲಿ ಓದುತ್ತಿದ್ದಾಗಲೂ ರಜೆಗೆ ಬಂದರೆ ನಾನು ಮೊದಲು ಧುಮುಕುತ್ತಿದ್ದುದು ಅಲ್ಲಿಗೇ.

ಮೊನ್ನೆ ಯಾದಗಿರಿಯಿಂದ ಬರುವಾಗ ಖಾಸಗಿ ಬಸ್ಸಿನ ಟಿ.ವಿ.ಯಲ್ಲಿ ಸಿನಿಮಾ ಹಾಕಿದ್ದರು. ನಾಯಕಿ ಈಜುಡುಗೆ ತೊಟ್ಟು ಕೊಳದ ಎತ್ತರದ ಹಲಗೆಯ ಮೇಲೆ ನಿಂತಳು. ಇನ್ನೇನು ಹಾರಬೇಕು, ಕಂಡಕ್ಟರ್ ಓಡಿಬಂದು ಟಿ.ವಿ. ಮೇಲೆ ತನ್ನ ಟವೆಲ್ ಹೊದಿಸಿದ.

“ಯಾಕಲೇ ಮುಚ್ಚಿದಿ?” ಹಿಂದಿನ ಸೀಟಿನವರು ಕೂಗಿದರು.

“ದೊಡ್ಡ ಮನಿ ಅಮ್ಮಾರು ಕುಂತಾರ, ಕಾಣಂಗಿಲ್ಲೇನು?”

“ಅವರಿಗೆ ನಾಚಿಕಿ ಆದ್ರ ಅವರು ಕಣ್ಣು ಮುಚ್ಚಲಿ. ನಮಗ್ಯಾಕ ಶಿಕ್ಷಾ?”

ಬಸ್ಸೆಲ್ಲ ನಕ್ಕಿತು. ನಾನು ಎದ್ದು ನಿಂತೆ.

“ತಗಿ ಟವೆಲ್. ಅಕಿ ಮೊಣಕಾಲು ಮಡಚ್ಯಾಳ. ಹಂಗ ಹಾರಿದ್ರ ನೀರು ಹೊಟ್ಟಿಗಿ ಬಡೀತದ. ನಾ ಅದನ್ನ ನೋಡಬೇಕಿತ್ತು.”

ನಗು ನಿಂತಿತು. ಅವನು ಟವೆಲ್ ತೆಗೆಯುವಷ್ಟರಲ್ಲಿ ನಾಯಕಿ ರೇಷ್ಮೆ ಸೀರೆಯುಟ್ಟು ದೇವರಿಗೆ ದೀಪ ಹಚ್ಚುತ್ತಿದ್ದಳು.

“ನಿಮ್ಮ ಮರ್ಯಾದಿ ಸಲುವಾಗೇ ಮುಚ್ಚಿದೆನ್ರಿ ಅಮ್ಮಾರ,” ಎಂದ.

ನನ್ನ ಮರ್ಯಾದೆಯನ್ನು ಕಾಯಲು ನಾನಿದ್ದೇನೆ. ನನ್ನನ್ನು ಕೇಳದೆ, ಈಜುಕೊಳ ಕಂಡರೆ ನಾಚುವವಳೆಂದು ಬಸ್ ತುಂಬ ಸಾರಿದ ಆ ಕಂಡಕ್ಟರ್, ಅದೇ ಬಸ್ಸಿನಲ್ಲಿ, ಎಲ್ಲರೆದುರು ನನ್ನ ಕ್ಷಮೆ ಕೇಳಬೇಕು.