ಸಾಹೇಬನ ಬಾಯಿಗೆ ಕಟ್ಟಿದ ಕುಕ್ಕೆ

ನಮ್ಮ ಮನೆಯ ಮೊಲವನ್ನು ಕೊಂದವಳು ನಾನು. ವೈನಿ ಅಲ್ಲ — ನನ್ನ ಅಣ್ಣನ ಹೆಂಡತಿ ಗಂಗವ್ವ ಅಲ್ಲ. ಓಣಿಯ ಹೆಂಗಸರು, ಬೀಗರು, ಮನೆಗೆ ಬಂದು ಹೋಗುವವರು ವರ್ಷಗಟ್ಟಲೆ ಆಕೆಯ ಹೆಸರು ಹೇಳಿದರು. ತವರಿಗೆ ಬಂದಾಗಲೂ ನಾನು ಅಲ್ಲೇ ಪಕ್ಕದಲ್ಲಿ ಕುಳಿತು ಅಕ್ಕಿ ಆರಿಸುತ್ತ ಕೇಳಿಸಿಕೊಂಡೆ. ಮಾತನ್ನು ಸುತ್ತಿ ಬಳಸಿ ಹೇಳುವ ಹೆಂಗಸು ನಾನಲ್ಲ, ನನ್ನನ್ನು ಬಲ್ಲವರೆಲ್ಲ ಇದನ್ನು ಒಪ್ಪುತ್ತಾರೆ. ಆದರೆ ಹೇಳಬೇಕಾದ ಒಂದೇ ಒಂದು ಮಾತನ್ನು, ಹೇಳಬೇಕಾದ ಹೊತ್ತಿನಲ್ಲಿ — ಹೋಗಲಿ, ಮೊದಲಿನಿಂದಲೇ ಹೇಳುತ್ತೇನೆ.

ಐವತ್ತರ ದಶಕದ ಮಾತು. ಹಾನಗಲ್ಲಿನಲ್ಲಿ ನಮ್ಮದು ಭತ್ತ, ಕಬ್ಬು ಬೆಳೆಯುವ ಮನೆ. ಬೆಲ್ಲ ಮಾರಲು ಹುಬ್ಬಳ್ಳಿಗೆ ಹೋದ ಅಪ್ಪ ಒಮ್ಮೆ ಬರುವಾಗ ಬುಟ್ಟಿಯಲ್ಲಿ ಒಂದು ಬಿಳಿ ಮೊಲ ತಂದ. ಯಾರೋ ಪರಿಚಯದವರು ಕೊಟ್ಟರಂತೆ. ಎತ್ತು ಕುಂಟಿದರೆ ಆಳುಗಳನ್ನು ಬೈಯುವ, ಮಕ್ಕಳನ್ನು ಎಂದೂ ತೊಡೆಯ ಮೇಲೆ ಕೂರಿಸಿಕೊಳ್ಳದ ಅಪ್ಪ ಈ ಮೊಲವನ್ನು ಮಾತ್ರ ತಲೆಯ ಮೇಲೆ ಕೂರಿಸಿಕೊಂಡ. ಮೈಯೆಲ್ಲ ಬಿಳಿ, ಕಣ್ಣು ಕೆಂಪು, ನಡೆಯುವಾಗ ಒಂದು ಗತ್ತು. ಅದಕ್ಕೇ ಸಾಹೇಬ ಎಂದು ಹೆಸರಿಟ್ಟ. ಹೊಲದಿಂದ ಬಂದವನೇ ಕಾಲು ತೊಳೆಯುತ್ತ, “ಏನ್ರೀ ಸಾಹೇಬ್ರ, ನಾಷ್ಟಾ ಆತೇನ್ರಿ?” ಎಂದು ಕೇಳುತ್ತಿದ್ದ. ನಾವೆಲ್ಲ ಬಾಯಿಗೆ ಸೆರಗು ಮುಚ್ಚಿಕೊಂಡು ನಗುತ್ತಿದ್ದೆವು.

ಸಾಹೇಬನ ಊಟದ ಉಸ್ತುವಾರಿ ನನ್ನದಾಯಿತು. ಆಗ ನಾನು ಲಗ್ನಕ್ಕೆ ಬಂದ ಹುಡುಗಿ; ಮನೆಯ ಚೊಕ್ಕತನವೆಲ್ಲ ನನ್ನ ಕೈಯಲ್ಲಿದೆ ಎಂಬ ಗರ್ವದವಳು. ನಾವು ಉಣ್ಣುವುದನ್ನೇ ಅದಕ್ಕೂ ಹಾಕಿದೆ — ಬಿಸಿ ಅನ್ನ, ಬಾಳೆಹಣ್ಣು, ಬೆಲ್ಲದ ಚೂರು, ಹಬ್ಬಕ್ಕೆ ಮಾಡಿದ ಗೋಧಿ ಹುಗ್ಗಿ. ಅದು ಆಸೆಯಿಂದ ತಿನ್ನುತ್ತಿತ್ತು. ತಿಂದು ಹೊಟ್ಟೆ ಉಬ್ಬಿಸಿಕೊಂಡು ಮೂಲೆ ಹಿಡಿಯುತ್ತಿತ್ತು, ಪಡಸಾಲೆ ಹೊಲಸು ಮಾಡುತ್ತಿತ್ತು. ನಾನು ಮೂಗು ಮುಚ್ಚಿಕೊಂಡು ಬಳಿಯುತ್ತಿದ್ದೆ. ಪ್ರಾಣಿ ಎಂದಮೇಲೆ ಹೀಗೇ ಎಂದುಕೊಂಡಿದ್ದೆ.

ಅದೇ ವರ್ಷ ಅಣ್ಣನ ಲಗ್ನವಾಗಿ ವೈನಿ ಬಂದಳು. ಹಿರೇಕೆರೂರ ಕಡೆಯ ಅಬಲೂರಿನವಳು, ಮಳೆ ನಂಬಿದ ಒಣ ಹೊಲದ ಮನೆಯ ಮಗಳು. ಬಂದು ವಾರವಾಗುವುದರೊಳಗೆ ನನ್ನ ಕೈಯಿಂದ ಅನ್ನದ ಬಟ್ಟಲನ್ನು ಮೆಲ್ಲಗೆ ತೆಗೆದುಕೊಂಡಳು.

“ಇದನ್ನ ಹಾಕಬ್ಯಾಡ್ರಿ ಶಾಂತಕ್ಕಾ. ಇದರ ಹೊಟ್ಟಿ ಹುಲ್ಲಿನ ಹೊಟ್ಟಿ ಐತಿ. ನಮ್ಮಪ್ಪ ಹೊಲದಾಗ ಸಿಕ್ಕ ಒಂದು ಮರಿ ಸಾಕಿದ್ದ, ನಾ ನೋಡೀನಿ. ಇಡೀ ದಿನಾ ಹುಲ್ಲ ಜಗೀತಿರಬೇಕು ಇವು.”

ಆಮೇಲೆ ಆಕೆ ಮಾಡಿದ್ದನ್ನು ನಾನು ಇವತ್ತು ಯಾರ ಮುಂದೆ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ. ಆಗ ಹೇಳಲಿಲ್ಲ, ಅಷ್ಟೇ. ಗದ್ದೆಯ ಬದುವಿನ ಕರಿಕೆ ಹುಲ್ಲನ್ನು ಕೊಯ್ದು ತಂದು, ಕಸ ಕಡ್ಡಿ ಆರಿಸಿ, ನೆರಳಲ್ಲಿ ಒಣಗಿಸಿ ಗೂಡಿನ ತುಂಬ ಹಾಕುತ್ತಿದ್ದಳು. ಅದು ಯಾವಾಗಲೂ ಇರಬೇಕು, ಖಾಲಿಯಾಗಕೂಡದು. ಮೆಂತ್ಯೆ, ಕೊತ್ತಂಬರಿ, ಮೂಲಂಗಿಯ ಎಲೆ — ಒಂದು ಹಿಡಿ, ಅದೂ ನೀರು ಆರಿದ ಮೇಲೆ. ಗಜ್ಜರಿಯ ಒಂದು ಚೂರು ಎಂದಾದರೊಮ್ಮೆ, ಕೂಸಿಗೆ ಪೇಪರಮಿಂಟ್ ಕೊಟ್ಟ ಹಾಗೆ. ಮಣ್ಣಿನ ಬಟ್ಟಲಲ್ಲಿ ದಿನವೂ ಹೊಸ ನೀರು. ಬೆಲ್ಲ ಬಂದ್, ಅನ್ನ ಬಂದ್. ಸ್ವಲ್ಪ ದಿನಕ್ಕೇ ಸಾಹೇಬನ ಹಿಕ್ಕೆ ಒಣ ಕಾಳಿನ ಹಾಗಾಯಿತು, ಮೈ ಮೇಲೆ ಮಿಂಚು ಬಂತು, ಅಂಗಳದಲ್ಲಿ ಜಿಗಿದಾಡತೊಡಗಿತು. ಅಪ್ಪ ಸೊಸೆಯನ್ನು ಹೊಗಳಿದ. ಹೊಗಳುವ ಮನುಷ್ಯನೇ ಅಲ್ಲ ಅವನು! ಅವ್ವ ಮಾತ್ರ ಮೂಗು ಮುರಿದಳು: “ನಮ್ಮ ಮನ್ಯಾಗ ಅನ್ನಕ್ಕ ಬರ ಬಂದೈತೇನು? ಮೂಕ ಪ್ರಾಣಿಗೆ ಒಣ ಹುಲ್ಲ ಹಾಕಾಕತ್ತಾಳ.” ನನಗೆ ಅವ್ವನ ಮಾತು ಹಿತವೆನಿಸಿತು. ಹೊಟ್ಟೆಕಿಚ್ಚು ಎನ್ನಬೇಕು ಅದಕ್ಕೆ, ಬೇರೆ ಹೆಸರಿಲ್ಲ.

ನಸುಕಿನಲ್ಲಿ ಎದ್ದು ಕೊಟ್ಟಿಗೆ ಬಳಿಯುವುದು ನನ್ನ ಕೆಲಸ. ಮೊಲದ ಗೂಡು ಕೊಟ್ಟಿಗೆಯ ಮೂಲೆಯಲ್ಲೇ ಇತ್ತು. ಒಂದು ದಿನ ಕಸಬರಿಗೆ ಹಿಡಿದು ನಿಂತವಳು ನೋಡಿದೆ — ಸಾಹೇಬ ಬಗ್ಗಿ, ತನ್ನ ಬಾಲದ ಬುಡಕ್ಕೆ ಬಾಯಿ ಹಾಕಿ, ಏನೋ ತೆಗೆದು ತಿನ್ನುತ್ತಿತ್ತು. ಸರಿಯಾಗಿ ನೋಡಿದೆ. ತನ್ನ ಹಿಕ್ಕೆಯನ್ನು ತಾನೇ ತಿನ್ನುತ್ತಿತ್ತು. ಮರುದಿನವೂ ಅದೇ. ಇದೇ ಬಾಯಿಂದ ಅದು ಅಪ್ಪನ ಕೈ ನೆಕ್ಕುತ್ತದೆ, ದೇವರ ಜಗಲಿಯ ಹತ್ತಿರ ಹೋಗಿ ಕೂರುತ್ತದೆ! ನನಗೆ ಮೈಯೆಲ್ಲ ಹೇಸಿಗೆಯಾಯಿತು.

ಅಪ್ಪನಿಗೆ ಹೇಳಬಹುದಿತ್ತು. ವೈನಿಗಾದರೂ ಹೇಳಬಹುದಿತ್ತು. ನಾನು ಯಾರನ್ನೂ ಕೇಳಲಿಲ್ಲ. ಚಟ ಬಿಡಿಸುವುದು ನನಗೆ ಗೊತ್ತಿಲ್ಲವೇ? ಸಾಲಿನ ನಡುವೆ ಎಡೆ ಹೊಡೆಯುವಾಗ ಎತ್ತು ಬೆಳೆಗೆ ಬಾಯಿ ಹಾಕಬಾರದೆಂದು ಅದರ ಬಾಯಿಗೆ ಕುಕ್ಕೆ ಕಟ್ಟುತ್ತಾರಲ್ಲ, ಅಂಥದನ್ನೇ ಪುಂಡಿಯ ನಾರಿನಿಂದ ಸಣ್ಣದಾಗಿ ಹೆಣೆದೆ. ಅಂಗೈಯಲ್ಲಿ ಹಿಡಿಯುವಷ್ಟು. ಚಂದವಾಗಿಯೇ ಬಂದಿತ್ತು — ನನ್ನ ಕೈಗೆಲಸವನ್ನು ನಾನೇ ಮೆಚ್ಚಿಕೊಂಡೆ ಎಂಬುದನ್ನೂ ಹೇಳಿಬಿಡುತ್ತೇನೆ. ಸಂಜೆ ವೈನಿ ಹುಲ್ಲು ಹಾಕಿ ಒಲೆಯ ಮುಂದೆ ಹೋದ ಮೇಲೆ ಕಟ್ಟುವುದು, ನಸುಕಿನಲ್ಲಿ ಆಕೆ ಬಾವಿಯಿಂದ ನೀರು ತರುವುದರೊಳಗೆ ಬಿಚ್ಚುವುದು. ಗೂಡಿನಲ್ಲಿ ಹಾಗೇ ಉಳಿದ ಹುಲ್ಲನ್ನು ಎತ್ತಿ ಎಮ್ಮೆಗೆ ಹಾಕುತ್ತಿದ್ದೆ. ಅದು ಇದ್ದರೆ ವೈನಿ ಕೇಳುತ್ತಾಳಲ್ಲ, ಅದಕ್ಕೆ. ರಾತ್ರಿ ಮನುಷ್ಯರು ತಿನ್ನುತ್ತಾರೆಯೇ? ಮೊಲಕ್ಕೇನು ಎಂಬುದು ನನ್ನ ಲೆಕ್ಕ.

ಸಾಹೇಬ ಸೊರಗತೊಡಗಿತು. ಬೆನ್ನೆಲುಬು ಕೈಗೆ ಹತ್ತುವ ಹಾಗಾಯಿತು. ವೈನಿ ಹುಲ್ಲು ಬದಲಿಸಿದಳು, ಸೊಪ್ಪು ಬದಲಿಸಿದಳು, ಮಧ್ಯಾಹ್ನದ ಬಿಸಿಲಲ್ಲಿ ದೂರದ ಬದುಗಳಿಗೆ ಹೋಗಿ ಎಳೆಯ ಕರಿಕೆ ಹುಡುಕಿ ತಂದಳು. ಒಂದು ದಿನ ಅದನ್ನು ಮಡಿಲಲ್ಲಿಟ್ಟುಕೊಂಡು ನನ್ನನ್ನೇ ಕೇಳಿದಳು.

“ಹಾಕಿದ್ದೆಲ್ಲಾ ತಿಂತೈತಿ, ಮೈಗೆ ಹತ್ತವಲ್ದು ನೋಡ್ರಿ ಶಾಂತಕ್ಕಾ. ನಾ ಎಲ್ಲಿ ತಪ್ಪಾಕತ್ತೇನಿ ತಿಳೀವಲ್ದು.”

“ಸೊಪ್ಪು ಹೆಚ್ಚಾತೇನೋ ವೈನಿ. ಕಡಿಮಿ ಮಾಡಿ ನೋಡ್ರಿ” ಎಂದೆ ನಾನು. ಅಷ್ಟು ಧೈರ್ಯದಿಂದ ಎಂದೆ! ಆಕೆ ಪಾಪ, ತಲೆಯಾಡಿಸಿ ಸೊಪ್ಪು ಕಡಿಮೆ ಮಾಡಿದಳು.

ಒಂದು ಬೆಳಗ್ಗೆ ಗೂಡಿನಲ್ಲಿ ಸಾಹೇಬ ಅಡ್ಡ ಬಿದ್ದಿತ್ತು. ಕುಕ್ಕೆ ಬಾಯಿಗೇ ಇತ್ತು. ಆ ಗಳಿಗೆಯವರೆಗೆ ನನ್ನದು ತಿಳಿಯದೆ ಮಾಡಿದ ತಪ್ಪು ಎನ್ನಬಹುದೇನೋ — ಆದರೆ ಆ ಗಳಿಗೆಯಿಂದ ಮುಂದಿನದಕ್ಕೆ ಆ ಮಾತು ಹೊಂದುವುದಿಲ್ಲ. ಗಂಟು ಬಿಚ್ಚಿದೆ. ಕಿವಿಯ ಹಿಂದೆ ದಾರ ಕೂತು ಕೂದಲು ಒತ್ತಿಹೋಗಿತ್ತು. ಬೆರಳಿನಿಂದ ಸವರಿ ಸರಿ ಮಾಡಿದೆ. ಕುಕ್ಕೆಯನ್ನು ಬಚ್ಚಲ ಒಲೆಗೆ ಹಾಕಿದೆ. ಅದು ಸುಟ್ಟಿತೇ ಎಂದು ನೋಡಿ, ಆಮೇಲೆ ಅವ್ವನನ್ನು ಕೂಗಿದೆ.

ಅವ್ವ ಬಂದವಳೇ ವೈನಿಯ ಮೇಲೆ ಹರಿಹಾಯ್ದಳು, ಒಣ ಹುಲ್ಲು ಹಾಕಿ ಉಪವಾಸ ಕೊಂದಳೆಂದು. ಅಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು. ಸಾಹೇಬನನ್ನು ಹಿತ್ತಲಲ್ಲಿ ಹೂಳಿ ಬಂದು, ಕೈ ತೊಳೆದು, ನೆಲ ನೋಡುತ್ತ ಇಷ್ಟೇ ಹೇಳಿದ:

“ನಿನ್ನ ಕೈಗುಣ ಚಲೋ ಇಲ್ಲವ್ವಾ ಗಂಗವ್ವಾ. ಇನ್ನ ಮ್ಯಾಲೆ ಯಾರಿಗೂ ಏನೂ ತಿನಸಾಕ ಹೋಗಬ್ಯಾಡ.”

ನಾನು ಬಾಗಿಲಲ್ಲಿ ನಿಂತಿದ್ದೆ. ಬಾಯಿ ತೆರೆಯಲಿಲ್ಲ.

ನಮ್ಮ ಕಡೆ ಕೈಗುಣ ಎಂದರೆ ಸಣ್ಣ ಮಾತಲ್ಲ. ಈದ ಎಮ್ಮೆಗೆ ಮೊದಲ ಮೇವು, ಆಳುಗಳಿಗೆ ಬುತ್ತಿ, ಪಂಕ್ತಿಗೆ ಅನ್ನ — ಒಂದೊಂದಾಗಿ ವೈನಿಯ ಕೈಯಿಂದ ಎಲ್ಲ ಹೋಯಿತು. ಅಡಿಗೆ ಆಕೆ ಮಾಡಬೇಕು, ತಟ್ಟೆಗೆ ನೀಡುವುದು ಅವ್ವ. ಅಣ್ಣನೂ ಏನೂ ಅನ್ನಲಿಲ್ಲ. ಆಕೆ ಎದುರಾಡಿದ್ದರೆ, ಅತ್ತಿದ್ದರೆ, ನನಗೆ ಸಿಟ್ಟಾದರೂ ಬರುತ್ತಿತ್ತು. ನೀಡುವ ಹೊತ್ತಾದರೆ ಸುಮ್ಮನೆ ಒಲೆಯ ಹತ್ತಿರ ಸರಿದು ಕೂರುತ್ತಿದ್ದಳು.

ಮರುವರ್ಷ ನನ್ನ ಲಗ್ನವಾಗಿ ಸವಣೂರಿಗೆ ಹೋದೆ. ಅಲ್ಲಿ ಪಕ್ಕದ ಮನೆಯ ಖೈರೂನಬಿ ಹಿತ್ತಲಲ್ಲಿ ಮೊಲಗಳನ್ನು ಸಾಕಿದ್ದಳು. ಗೋಡೆಯ ಮೇಲಿಂದ ದಿನವೂ ನೋಡುತ್ತಿದ್ದೆ. ನೋಡಬಾರದೆಂದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ನಸುಕಿನಲ್ಲಿ ಅವೆಲ್ಲವೂ ಬಗ್ಗುತ್ತಿದ್ದವು, ಸಾಹೇಬನ ಹಾಗೆಯೇ. ತಿಂದು, ಬಾಯಿ ಒರೆಸಿಕೊಂಡು, ಗುಂಡಗೆ ಕೂರುತ್ತಿದ್ದವು. ಒಮ್ಮೆ ತಡೆಯಲಾರದೆ ಕೇಳಿದೆ. ಖೈರೂನಬಿ ನಕ್ಕುಬಿಟ್ಟಳು. “ಎಮ್ಮಿ ಮೆಲಕು ಹಾಕೂದಿಲ್ಲೇನ್ರಿ? ಹಂಗ ಇದು. ಹುಲ್ಲಿನ ಸತುವು ಒಮ್ಮೆ ತಿಂದ್ರ ಪೂರಾ ಸಿಗಂಗಿಲ್ಲ, ಅದಕ್ಕ ಮತ್ತ ತಿಂತಾವ. ತಡದ್ರ ಸೊರಗಿ ಸಾಯ್ತಾವ.”

ಅವತ್ತು ನಾನು ಉಣ್ಣಲಿಲ್ಲ. ವೈನಿ ಹಾಕಿದ ಹುಲ್ಲು ಸರಿ ಇತ್ತು, ಸೊಪ್ಪು ಸರಿ ಇತ್ತು, ನೀರು ಸರಿ ಇತ್ತು. ರಾತ್ರಿಯ ಹುಲ್ಲನ್ನೂ, ಆ ಹುಲ್ಲಿನ ಸತುವನ್ನೂ ಅದರ ಬಾಯಿಂದ ಕಿತ್ತುಕೊಂಡವಳು ನಾನು. ಹಾನಗಲ್ಲಿಗೆ ಹೋದ ಕೂಡಲೆ ಹೇಳಿಬಿಡಬೇಕೆಂದು ನಿರ್ಧಾರ ಮಾಡಿದೆ.

ಹೋಗುವ ಕಾರಣವೂ ಬಂತು: ವೈನಿಯ ಮೊದಲ ಮಗನಿಗೆ ಅನ್ನದ ಮೊದಲ ತುತ್ತು ಉಣಿಸುವ ದಿನ. ಮನೆ ತುಂಬ ಜನ. ಹೇಳಬೇಕೆಂದು ನಾನು ಗಂಟಲು ಸರಿ ಮಾಡಿಕೊಳ್ಳುವುದರೊಳಗೆ ವೈನಿಯೇ ಬಂದು ಹಾಲನ್ನದ ಬಟ್ಟಲನ್ನು ನನ್ನ ಕೈಗಿಟ್ಟಳು.

“ನೀವ ತಿನಸ್ರಿ ಶಾಂತಕ್ಕಾ. ನನ್ನ ಕೈಗುಣ ಚಲೋ ಇಲ್ಲ.”

ಆ ಮಾತನ್ನು ಆಕೆ ನಂಬಿದ್ದಳು. ನನಗೆ ಅದು ಗೊತ್ತಿರಲಿಲ್ಲ — ಬೇರೆಯವರು ಅಂದದ್ದನ್ನು ಆಕೆ ಸಹಿಸಿಕೊಂಡಿದ್ದಾಳೆ ಎಂದುಕೊಂಡಿದ್ದೆ, ನಂಬಿದ್ದಾಳೆ ಎಂದಲ್ಲ. ಹೆತ್ತ ತಾಯಿ, ತನ್ನ ಕೈಯ ತುತ್ತಿಗೆ ಹೆದರಿ — ಮತ್ತು ನಾನು? ಅಷ್ಟು ಜನರೆದುರು ನನ್ನ ಮಾನ ದೊಡ್ಡದಾಯಿತು. ತೊಡೆಯ ಮೇಲೆ ಕೂಸನ್ನು ಕೂರಿಸಿಕೊಂಡು ಉಣಿಸಿದೆ. ಎಲ್ಲರೂ ನನ್ನ ಕೈಗುಣ ಹೊಗಳಿದರು. ಮೊಲವನ್ನು ಕೊಂದದ್ದಕ್ಕಿಂತ ಇದನ್ನೇ ನಾನು ದೊಡ್ಡ ತಪ್ಪೆನ್ನುತ್ತೇನೆ.

ಅರವತ್ತರ ದಶಕ ಶುರುವಾಗಿ ಕೆಲವು ವರ್ಷಗಳಾಗಿದ್ದವು, ವೈನಿಗೆ ಮಗಳು ಹುಟ್ಟಿದಳು. ಮತ್ತೆ ಕರೆ ಬಂತು — ಶಾಂತಕ್ಕ ಬಂದು ಮಗಳಿಗೂ ಮೊದಲ ತುತ್ತು ಉಣಿಸಿ ಹೋಗಬೇಕಂತೆ. ಈ ಸಲ ಬಸ್ಸು ಇಳಿಯುವ ಮೊದಲೇ ನನ್ನ ಮನಸ್ಸು ಗಟ್ಟಿಯಾಗಿತ್ತು. ಅಪ್ಪ, ಅಣ್ಣ ಊಟಕ್ಕೆ ಕುಳಿತಿದ್ದರು, ಅವ್ವ ನೀಡುತ್ತಿದ್ದಳು. ವೈನಿ ಬಟ್ಟಲು ತಂದು ನನ್ನ ಮುಂದೆ ಹಿಡಿದಳು. ನಾನು ಕೈ ಚಾಚಲಿಲ್ಲ. ಕುಕ್ಕೆ ಹೆಣೆದದ್ದು, ಕಟ್ಟಿದ್ದು, ಎಮ್ಮೆಗೆ ಹುಲ್ಲು ಹಾಕಿದ್ದು, ಒಲೆಗೆ ಹಾಕಿ ಸುಟ್ಟದ್ದು, ಸವಣೂರಿನಲ್ಲಿ ತಿಳಿದದ್ದು, ತಿಳಿದ ಮೇಲೂ ಇದೇ ಮನೆಯಲ್ಲಿ ಕುಳಿತು ಉಣಿಸಿದ್ದು — ಎಲ್ಲವನ್ನೂ ಹೇಳಿದೆ. ಅಪ್ಪನ ಕೈ ತಟ್ಟೆಯಲ್ಲೇ ನಿಂತುಬಿಟ್ಟಿತ್ತು.

ವೈನಿ ಬಟ್ಟಲನ್ನು ಕೆಳಗಿಟ್ಟಳು. ಆಮೇಲೆ ಕೇಳಿದಳು: “ಕಟ್ಟುವಾಗ ಅದು ಒದ್ದಾಡ್ತಿತ್ತೇನ್ರಿ?”

ಸುಳ್ಳು ಹೇಳಬಹುದಿತ್ತು. “ಇಲ್ಲ ವೈನಿ. ತಿನ್ನಾಕ ಏನೋ ತಂದೇನಿ ಅಂತ ತಾನ ಮುಖ ಮುಂದ ಮಾಡ್ತಿತ್ತು” ಎಂದೆ.

ಅಪ್ಪ ಕೆಮ್ಮಿದ. “ಗಂಗವ್ವಾ, ಬಾರವ್ವಾ. ನೀನ ನೀಡು” ಎಂದ. ತಪ್ಪಾಯಿತು ಎಂಬುದನ್ನು ಅವನು ಎಂದೂ ಇದಕ್ಕಿಂತ ಬಿಚ್ಚಿ ಹೇಳಿದವನಲ್ಲ.

“ಇವತ್ತ ಅತ್ತೀನ ನೀಡ್ಲಿ ಬಿಡ್ರಿ ಮಾವಾರ. ನಾ ಮಗಳಿಗೆ ಉಣಸಬೇಕು.”

ಕೂಸನ್ನು ಎತ್ತಿಕೊಂಡು ಅಲ್ಲೇ ಕುಳಿತು ತುತ್ತು ಮಾಡಿದಳು. ತನ್ನ ಕೈಯಿಂದಲೇ ಉಣಿಸಿದಳು. ಕೂಸು ಬಾಯಿ ಚಪ್ಪರಿಸಿತು. ಆಗ ವೈನಿ ಅತ್ತಳು, ಜೋರಾಗಿಯೇ ಅತ್ತಳು. ನನ್ನ ಕಡೆ ನೋಡಲಿಲ್ಲ. ಹಿರಿಯ ಮಗ ಬಾಗಿಲಿಗೆ ಒರಗಿ ತನ್ನವ್ವ ಯಾಕೆ ಅಳುತ್ತಾಳೆಂದು ನೋಡುತ್ತಿದ್ದ. ಅವನ ಮೊದಲ ತುತ್ತು ನನ್ನ ಕೈಯಲ್ಲಿ ಆಗಿಹೋಗಿದೆ. ಅದನ್ನು ಅವನ ತಾಯಿಗೆ ಮರಳಿ ಕೊಡಲು ನನ್ನಿಂದ ಆಗುವುದಿಲ್ಲ.