ಒಳಹರಿವಿನ ಮೇಲೆ ಕಣ್ಣಿಟ್ಟವನು

ತುಳಸಿದಾಸ ಗಣಪತಿ ಹರಿಕಂತ್ರ, ವಯಸ್ಸು ಅರವತ್ತೊಂಬತ್ತು, ಕಾರವಾರದ ಕೋಡಿಬಾಗದವನು. ತಂದೆ ಗಣಪತಿ ದಡದಿಂದ ಎಳೆಯುವ ಏಂಡಿ ಬಲೆಯ ಪಾಲುಗಾರ. ತಾಯಿ ಸುಭದ್ರೆ ಒಣಮೀನಿನ ವ್ಯಾಪಾರಿ. ಹೆಂಡತಿ ವೈಜಯಂತಿ ಅಂಕೋಲೆ ಕಡೆಯ ಬೇಲೆಕೇರಿಯವಳು. ಒಬ್ಬಳೇ ಮಗಳು ಅಮಿತಾ, ಮದುವೆಯಾಗಿ ತಾಯಿಯ ಊರನ್ನೇ ಸೇರಿದವಳು. ಇಷ್ಟನ್ನು ಕೋಡಿಬಾಗದಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ಉಳಿದದ್ದರ ಬಗ್ಗೆ ಎರಡು ಮಾತುಗಳಿವೆ.

ಅವನು ಬಂದರಿನಲ್ಲಿ ಪೈಲಟ್ ಲಾಂಚಿನ ಚಾಲಕನಾಗಿದ್ದ. ಇಲ್ಲಿ ಪೈಲಟ್ ಎಂದರೆ ವಿಮಾನದವನಲ್ಲ. ಹೊರದೇಶದ ಹಡಗನ್ನು ಸಮುದ್ರದಲ್ಲೇ ಹತ್ತಿ, ಕಲ್ಲು ಮರಳು ತಪ್ಪಿಸಿ ಅದನ್ನು ಬಂದರಿಗೆ ತರುವವನು. ಅವನನ್ನು ಲಾಂಚೆಂಬ ಯಂತ್ರದೋಣಿಯಲ್ಲಿ ಒಯ್ದು, ಅಲೆಯ ಮೇಲೆ ಕುಣಿಯುವ ಹಡಗಿನ ಹಗ್ಗದೇಣಿಯ ಬುಡಕ್ಕೆ ಮುಟ್ಟಿಸುವುದು ತುಳಸಿದಾಸನ ಕೆಲಸ. ಹಳೆಯ ಪೈಲಟ್ ಸಾಹೇಬರೊಬ್ಬರು ಅವನಿಗೆ ಮೂರು ಪ್ರಶ್ನೆ ಕಲಿಸಿದ್ದರು. ಸುತ್ತ ಏನಿದೆ? ಅದರ ಅರ್ಥವೇನು? ಇನ್ನು ಸ್ವಲ್ಪ ಹೊತ್ತಿಗೆ ಏನಾಗುತ್ತದೆ? ಇದ್ದದ್ದು ಕುರುಡನಿಗೂ ತಾಗುತ್ತದೆ, ಇರಬೇಕಾದದ್ದು ಇಲ್ಲದಿರುವುದನ್ನು ನೋಡು ಎಂದೂ ಅವರು ಹೇಳುತ್ತಿದ್ದರಂತೆ.

ನಿವೃತ್ತನಾದ ಮೇಲೆ ಲಾಂಚು ಬಂದರಿನಲ್ಲಿ ಉಳಿಯಿತು; ಪ್ರಶ್ನೆಗಳು ಅವನ ಹಿಂದೆ ಮನೆಗೆ ಬಂದವು. ಮದುವೆಮನೆಗೆ ಹೋದರೆ ಅವನ ಕಣ್ಣು ಮೊದಲು ಅಡುಗೆಯ ಒಲೆಗೂ ಹೊರಬಾಗಿಲಿಗೂ ನಡುವೆ ಯಾರು ಕುಳಿತಿದ್ದಾರೆಂದು ಅಳೆಯುತ್ತಿತ್ತು. ಬಸ್ಸಿನಲ್ಲಿ ಯಾವ ಮುದುಕಿಗೆ ತಲೆಸುತ್ತು ಬರಲಿದೆಯೆಂದು ಅವಳಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ಒಮ್ಮೆ ನೆರೆಮನೆಯ ಬಾಗಿಲು ಬೆಳಿಗ್ಗೆ ತೆರೆಯಲಿಲ್ಲವೆಂದು ತಾನೇ ಹೋಗಿ ತಟ್ಟಿ, ಜ್ವರದಲ್ಲಿ ಬಿದ್ದಿದ್ದ ಮನುಷ್ಯನನ್ನು ಆಸ್ಪತ್ರೆಗೆ ಸಾಗಿಸಿದ. ಆ ಮನುಷ್ಯ ಗುಣವಾಗಿ ಬಂದು ಕೇಳಿದ ಮೊದಲ ಮಾತು, "ನಮ್ಮ ಬಾಗಿಲು ಎಷ್ಟೊತ್ತಿಗೆ ತೆಗೀತದೆ ಅಂತ ಇವನಿಗೆ ಹೆಂಗೆ ಗೊತ್ತು?"

ಕೇರಿ ಅದನ್ನು ನಕ್ಕು ಬಿಡಲಿಲ್ಲ. ಕಣ್ಣು ಮುಚ್ಚಿಕೊಂಡವನಿಗೆ ಲೋಕ ಕೈಕೋಲು ಕೊಡುತ್ತದೆ. ಕಣ್ಣು ತೆರೆದವನ ಮೇಲೆ ಕಾವಲು ಹಾಕುತ್ತದೆ. ತುಳಸಿದಾಸನ ಮೇಲೆ ಕಾವಲು ಹಾಕಿದವರಲ್ಲಿ ಮೊದಲಿಗಳು ಕಾಶಿ.

ಕಾಶಿ ವಿಧವೆ. ಕಾಳಿ ನದಿಯ ನಡುವೆ ಇಳಿತದ ಹೊತ್ತಿಗೆ ಬೆನ್ನು ತೋರಿಸುವ ಮರಳದಿಬ್ಬಕ್ಕೆ ಹೋಗಿ ತಿಸ್ರೆ ಎಂಬ ಚಿಪ್ಪುಮೀನು ಅಗೆಯುವ ಹೆಂಗಸರಿಗೆ ಅವಳೇ ಮುಂದಾಳು. ಅವಳು ಸೀರೆ ಎತ್ತಿ ಕಟ್ಟಿದರೆ ಉಳಿದವರು ಕಟ್ಟಬೇಕು. ಅವಳು ಬುಟ್ಟಿ ಎತ್ತಿದರೆ ಉಳಿದವರು ಎತ್ತಬೇಕು. ದಿಬ್ಬದ ಕಡಲಿನ ಬದಿಯ ತುದಿಯಲ್ಲಿ ಅವಳ ಅತ್ತೆಯ ಕಾಲದ ಒಂದು ಗೂಟವಿತ್ತು, ಗೂಟಕ್ಕೆ ಕಬ್ಬಿಣದ ಬಳೆ. ಭರತದ ನೀರು ಬಳೆಯನ್ನು ಮುಟ್ಟಿತೆಂದರೆ ಮನೆಗೆ ಹೊರಡುವುದು. ಆಗ ದಿಬ್ಬಕ್ಕೂ ದಡಕ್ಕೂ ನಡುವಿನ ಒಳಹರಿವಿನಲ್ಲಿ ಸೊಂಟಮಟ್ಟದ ನೀರಿರುತ್ತಿತ್ತು, ದಾಟಬಹುದಿತ್ತು. ಆ ಲೆಕ್ಕ ಯಾರ ಕಾಲದಲ್ಲೂ ತಪ್ಪಿರಲಿಲ್ಲ.

ತುಳಸಿದಾಸ ಈಗ ದಿನವೂ ದಡದ ಮೇಲೆ ಬಂದು ಕುಳಿತು ಹೆಂಗಸರನ್ನು ನೋಡತೊಡಗಿದ್ದ. ಯಾರು ಹೋದರು, ಯಾರು ಬಂದರು, ಯಾರ ಕಾಲು ಕುಂಟುತ್ತದೆ, ಎಲ್ಲವನ್ನೂ ನೋಡುತ್ತಿದ್ದ.

"ಬಾವಾ, ಮನೇಲಿ ವೈಜಯಂತಿ ವೈನಿ ಕಾಣೂದಿಲ್ವಾ ನಿಮಗೆ? ನಮ್ಮನ್ನ ನೋಡೂಕೆ ಇಷ್ಟು ದೂರ ಬರ್ತ್ರಿ!" ಎಂದು ಕಾಶಿ ಎಲ್ಲರೆದುರು ಕೇಳಿದಳು. ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಅವನು ನಗಲಿಲ್ಲ.

"ನಿಮ್ಮನ್ನಲ್ಲ, ನೀರು ನೋಡ್ತೆ," ಎಂದ.

"ನೀರಿಗೆ ಸೀರೆ ಉಡಿಸಿದ್ದು ಯಾರು ಹಾಂಗಾದ್ರೆ?"

ಇದು ಬರಿಯ ಕುಚೋದ್ಯ. ಸಂಶಯ ಮೈ ಪಡೆದದ್ದು ದೀಪಾವಳಿ ಕಳೆದ ಮೇಲೆ. ಆಗ ಮರಳು ತೆಗೆಯುವ ದೋಣಿಗಳು ಒಳಹರಿವಿಗೆ ಬಂದಿದ್ದವು. ಕಾಶಿಯ ಸೊಸೆ ನೀತಾ ಒಂದು ಸಂಜೆ ಮೊಬೈಲು ತೆರೆದು ತೋರಿಸಿದಳು. ಯಾರೋ ಹೆಂಗಸರ ಗುಂಪಿಗೆ ಕಳಿಸಿದ ಫೋಟೊ. ಮರಳಿನ ದೋಣಿಯ ಅಂಚಿನ ಮೇಲೆ ತುಳಸಿದಾಸ ಕಾಲು ಇಳಿಬಿಟ್ಟು ಕುಳಿತು, ಕೆಲಸದವರ ಜೊತೆ ಚಹಾ ಕುಡಿಯುತ್ತಿದ್ದಾನೆ.

"ನೋಡಿ ಆಯಿ, ಹೆಂಗೆ ಬೀಗರ ಮನೇಲಿ ಕೂತಂಗೆ ಕೂತಾನೆ," ಎಂದಳು ನೀತಾ.

ಕಾಶಿ ಆ ಫೋಟೊವನ್ನು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಅವಳಿಗೆ ಹಳೆಯದೊಂದು ನೆನಪಿತ್ತು. ಕೇರಿಯ ಹೆಂಗಸರು ಮೀನು ಒಣಗಿಸುತ್ತಿದ್ದ ಬಯಲಿಗೆ, ಅವರದೇ ಜಾತಿಯ, ಅವರದೇ ನೆಂಟ ಒಬ್ಬ ಬಂದು, "ನಾಲ್ಕು ದಿನ ಈ ಬದಿಗೆ ಬರಬೇಡಿ" ಎಂದಿದ್ದ. ನಾಲ್ಕು ದಿನ ಬಿಟ್ಟು ಹೋದಾಗ ಅಲ್ಲಿ ಕಂಪೌಂಡು ಎದ್ದಿತ್ತು. ಅಂದಿನಿಂದ, ಬರಬೇಡಿ ಎಂದು ಮೆತ್ತಗೆ ಹೇಳುವ ಗಂಡಸಿನ ಹಿಂದೆ ಗೋಡೆ ಬರುತ್ತದೆ ಎಂಬುದು ಅವಳ ಬಾಳಿನ ಪಾಠ.

ಮರುದಿನ ಬೆಳಿಗ್ಗೆ ತುಳಸಿದಾಸ ದಾರಿಗೆ ಅಡ್ಡ ನಿಂತ. "ಕಾಶೀ, ಇವತ್ತಿಂದ ದಿಬ್ಬಕ್ಕೆ ಹೋಗೂದು ಬೇಡ."

ಅವಳು ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡಳು. ಬಂತು, ಅದೇ ಮಾತು.

"ಯಾಕೆ?"

"ಬೇಡ ಅಂದೆ. ಒಳಹರಿವು ಸರಿ ಇಲ್ಲ."

"ನಿಮಗೆ ಯಾರು ಹೇಳಿದ್ರು? ಚಾ ಕೊಟ್ಟವರಾ?"

ಅವನ ಮುಖ ಕಪ್ಪಾಯಿತು. "ಕೊಕ್ಕರೆ ನಿಲ್ಲೂದಿಲ್ಲ ಈಗ ಅಲ್ಲಿ," ಎಂದಷ್ಟೇ ಹೇಳಿದ.

"ಕೇಳಿದ್ರೇನೇ? ಕೊಕ್ಕರೆ ನಿಲ್ಲೂದಿಲ್ಲ ಅಂತ ನಾವು ಒಲೆ ಹಚ್ಚೂದು ಬಿಡಬೇಕಂತೆ!" ಎಂದು ಕಾಶಿ ಹಿಂದೆ ತಿರುಗಿ ಕೂಗಿದಳು. ಹೆಂಗಸರು ನಕ್ಕರು. ಅವಳು ಅವನ ಮಗ್ಗುಲಲ್ಲೇ ಹಾದು ನೀರಿಗಿಳಿದಳು.

ಮೊಣಕಾಲುಮಟ್ಟ ಇರಬೇಕಾದಲ್ಲಿ ನೀರು ತೊಡೆ ದಾಟಿತು. ಕಾಶಿ ಅದನ್ನು ಗಮನಿಸಲಿಲ್ಲವೆಂದಲ್ಲ. ಮೇಲೆ ಅಣೆಕಟ್ಟಿನವರು ನೀರು ಬಿಟ್ಟಿರಬೇಕು ಎಂದುಕೊಂಡಳು. ಸಂಶಯವನ್ನೆಲ್ಲ ಒಬ್ಬ ಮನುಷ್ಯನ ಮೇಲೆ ಸುರಿದವಳಿಗೆ ನೀರಿನ ಮೇಲೆ ಸುರಿಯಲು ಏನೂ ಉಳಿದಿರಲಿಲ್ಲ.

ದಿಬ್ಬದ ಮೇಲೆ ಎಲ್ಲರೂ ಬಗ್ಗಿದರು. ತಿಸ್ರೆ ಅಗೆಯುವಾಗ ಮುಖ ಮರಳಿಗೆ, ಬೆನ್ನು ದಡಕ್ಕೆ. ಕಾಲಿನ ಬೆರಳೇ ಕಣ್ಣು. ಕಾಶಿ ಮಾತ್ರ ಆಗಾಗ ತಲೆಯೆತ್ತಿ ಗೂಟದ ಬಳೆ ನೋಡುತ್ತಿದ್ದಳು. ಹಾಗೆ ಒಮ್ಮೆ ನೋಡಿ ಹಿಂತಿರುಗಿದಾಗ ಕಂಡದ್ದು ತುಳಸಿದಾಸನ ಚಿಕ್ಕ ದೋಣಿ. ಅವನು ಅದನ್ನು ದಿಬ್ಬಕ್ಕೆ ತರಲಿಲ್ಲ. ಒಳಹರಿವಿನ ನಟ್ಟನಡುವೆ, ಹೆಂಗಸರು ಮರಳುವ ದಾರಿಯ ಮೇಲೆಯೇ ಲಂಗರು ಬಿಟ್ಟು, ಹುಟ್ಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತ.

"ದಾರಿ ಕಟ್ಟೂಕೆ ಬಂದಾನೆ," ಎಂದಳು ಕಾಶಿ. "ಯಾರೂ ಆ ದೋಣಿ ಮುಟ್ಟೂದಿಲ್ಲ. ಮುಟ್ಟಿದವರು ನಾಳೆಯಿಂದ ನನ್ನ ಜೊತೆ ಬರೂದು ಬೇಡ."

ಬಳೆ ಒಣಗಿಯೇ ಇತ್ತು. ನೀತಾಳ ಬುಟ್ಟಿ ಬೇಗ ತುಂಬಿತ್ತು; ಮನೆಯಲ್ಲಿ ಕೂಸು ಹಾಲಿಗೆ ಅಳುವ ಹೊತ್ತು. "ನಾ ಮುಂದೆ ಹೋಗ್ತೆ ಆಯಿ," ಎಂದಳು. ಕಾಶಿ ಇನ್ನೊಮ್ಮೆ ಬಳೆ ನೋಡಿ, ಹೋಗು ಎಂದು ತಲೆಯಾಡಿಸಿದಳು. ನೀತಾ ತಲೆಯ ಮೇಲೆ ಬುಟ್ಟಿ ಹೊತ್ತು ಒಳಹರಿವಿಗೆ ಇಳಿದಳು. ತುಳಸಿದಾಸ ಎದ್ದು ನಿಂತು, "ಎಡಕ್ಕೆ! ಎಡಕ್ಕೆ ಬಾ!" ಎಂದು ಕೂಗಿದ. ಅವಳು ದೋಣಿಯಿಂದ ದೂರ ಉಳಿಯಬೇಕೆಂದು ಬಲಕ್ಕೆ ಸರಿದಳು.

ಮರುಕ್ಷಣ ನೀರಿನ ಮೇಲೆ ಬುಟ್ಟಿ ಮಾತ್ರ ಇತ್ತು. ಅದೂ ಒಮ್ಮೆ ತಿರುಗಿ ಮುಳುಗಿತು.

ಕಾಶಿ ಬುಟ್ಟಿ ಎಸೆದಳು. ಕಾಲು ಓಡಿತು, ನೀರು ಎದೆಗೆ ಬಂದು ಅವಳನ್ನು ಹಿಂದಕ್ಕೆ ನೂಕಿತು. ಅಷ್ಟರಲ್ಲಿ ತುಳಸಿದಾಸ ಲಂಗರಿನ ಹಗ್ಗ ಸಡಿಲಿಸಿ ದೋಣಿಯನ್ನು ಪಕ್ಕಕ್ಕೆ ಹರಿಯಬಿಟ್ಟಿದ್ದ. ಅವನು ನೀತಾ ಮುಳುಗಿದ ಕಡೆಗೆ ನೋಡಲೇ ಇಲ್ಲ. ಹರಿವಿನ ಕೆಳಗೆ, ಅವಳು ಏಳಲಿರುವ ಕಡೆಗೆ ಹುಟ್ಟನ್ನು ಚಾಚಿದ್ದ. ಕೈಯೊಂದು ಮೇಲೆ ಬಂತು, ಹುಟ್ಟನ್ನು ಹಿಡಿಯಿತು.

ಉಳಿದವರನ್ನೂ ಅವನು ಸರದಿಯಲ್ಲಿ ದಾಟಿಸಿದ. ಯಾರ ಮುಖವನ್ನೂ ನೋಡಲಿಲ್ಲ. ಕೊನೆಯ ಸರದಿಗೆ ಕಾಶಿ ದೋಣಿ ಹತ್ತಿದಾಗ ಗೂಟದ ಬಳೆಗೆ ಆಗಷ್ಟೇ ನೀರು ತಾಗುತ್ತಿತ್ತು.

ದಡದ ಮೇಲೆ ನೀತಾ ವಾಂತಿ ಮಾಡಿಕೊಳ್ಳುತ್ತ ಕುಳಿತಿದ್ದಳು. ಅಲ್ಲಿಗೆ ತಲುಪುವ ಮೊದಲೇ, ದೋಣಿಯಲ್ಲೇ, ನೀರು ತೊಟ್ಟಿಕ್ಕುವ ಸೀರೆಯಲ್ಲಿ ಕುಳಿತು ಕಾಶಿ ಹೇಳಿದಳು: "ಹೊಂಡ ಎಲ್ಲದೆ ಅಂತ ನಿಮಗೆ ಮೊದಲೇ ಗೊತ್ತಿತ್ತು."

"ಗೊತ್ತಿತ್ತು."

"ಹೆಂಗೆ?"

"ಕೊಕ್ಕರೆಗೆ ಕಾಲು ನೆಲಕ್ಕೆ ತಾಗಿದ್ರೆ ನಿಲ್ತದೆ. ತಿಂಗಳಿಂದ ಒಂದೂ ನಿಲ್ಲಲಿಲ್ಲ. ಏನೋ ತಪ್ಪಿದೆ ಅಂತ ಆ ದೋಣಿಗೆ ಹೋದೆ. ಚಾ ಕುಡಿದೆ, ಮಾತಾಡಿಸ್ದೆ. ಎಲ್ಲೆಲ್ಲಿ ಅಗೆದ್ರಿ ಅಂತ ಹುಡುಗರ ಬಾಯಿ ಬಿಡಿಸ್ದೆ."

"ಚಾ ಒಂದೇಯಾ?"

"ಬಿಸ್ಕಿಟ್ಟೂ ಕೊಟ್ರು."

"ನಗಬೇಡಿ ಬಾವಾ. ಇದನ್ನ ಬೆಳಿಗ್ಗೆ ಹೇಳೂಕೆ ಬಾಯಿಗೆ ಏನಾಗಿತ್ತು? ಬೇಡ ಅಂದ್ರೆ ಯಾವ ಹೆಂಗಸು ಕೇಳ್ತಾಳೆ?"

ತುಳಸಿದಾಸ ಹುಟ್ಟು ಹಾಕುವುದನ್ನು ನಿಲ್ಲಿಸಿದ. ಲಾಂಚಿನ ಮೇಲೆ ಅಪ್ಪಣೆಗೆ ಕಾರಣ ಹೇಳುವ ರೂಢಿಯಿಲ್ಲ. ಎಡಕ್ಕೆ ಎಂದರೆ ಎಡಕ್ಕೆ ಎಂದು ಮರುನುಡಿದು ತಿರುಗಿಸುವುದು ಅಷ್ಟೇ. ಜೀವಮಾನವೆಲ್ಲ ಹಾಗೆ ಕೇಳಿಸಿಕೊಂಡವನು ದಡಕ್ಕೆ ಬಂದ ಮೇಲೂ ಹಾಗೆಯೇ ಹೇಳುತ್ತಿದ್ದ. ಎಲ್ಲವನ್ನೂ ನೋಡಿದ್ದ, ತನ್ನ ಮಾತು ಕಾಶಿಯ ಕಿವಿಗೆ ಹೇಗೆ ಕೇಳಿಸುತ್ತದೆಂಬುದನ್ನು ನೋಡಿರಲಿಲ್ಲ.

"ಹೌದು," ಎಂದ ಅವನು. "ಅದು ನನ್ನ ಕಣ್ಣಿಗೆ ಬೀಳಲಿಲ್ಲ."

ಮಾರನೆಯ ದಿನವೇ ಒಪ್ಪಂದವಾಯಿತು. ಹೆಂಗಸರು ಇಳಿಯುವ ಮೊದಲು ತುಳಸಿದಾಸ ಒಳಹರಿವಿನ ಸ್ಥಿತಿಯನ್ನು ಕಾರಣಸಮೇತ ಹೇಳಬೇಕು. ಹೇಳುವಾಗ ಅವನಿಗೆ ಬೇವು ಅಗಿದಂತಾಗುತ್ತಿತ್ತು, ಆದರೂ ಹೇಳಿದ. ಅವನು ಹೇಳಿದ್ದನ್ನು ಕಾಶಿ ನಂಬುತ್ತಿರಲಿಲ್ಲ. ಉದ್ದನೆಯ ಬಿದಿರು ಹಿಡಿದು ತಾನೇ ಮುಂದೆ ಹೋಗಿ, ಹೆಜ್ಜೆಗೊಮ್ಮೆ ಚುಚ್ಚಿ ನೋಡಿ, ಆಮೇಲೆ ಉಳಿದವರನ್ನು ಕರೆಯುತ್ತಿದ್ದಳು. ಅವನಿಗೆ ಇದರಿಂದ ಬೇಸರವಾಗುತ್ತದೆಂದು ಅವಳು ಎಣಿಸಿದ್ದಳು. ಅವನು ಸಂತೋಷಪಟ್ಟ.

"ಹಡಗಿನ ಕಪ್ತಾನರೂ ಪೈಲಟ್‌ನ ಕೆಲಸಾನ ಹಿಂಗೇ ನೋಡ್ತಾರೆ, ಹೆಗಲ ಮೇಲಿಂದ," ಎಂದ. "ಸಂಶಯ ಬಿಡಬೇಡ ಕಾಶೀ. ಅದು ಸವೆದ್ರೆ ಹಡಗೇ ಹೋಗ್ತದೆ."

ಇನ್ನೊಂದು ಪದ್ಧತಿಯೂ ಆಗ ಶುರುವಾಯಿತು. ಪ್ರತಿ ದಿನ ಒಬ್ಬಳು ಅಗೆಯದೆ ದಿಬ್ಬದ ಮೇಲೆ ದಡಕ್ಕೆ ಮುಖ ಮಾಡಿ ಒಳಹರಿವನ್ನು ನೋಡುತ್ತ ನಿಲ್ಲಬೇಕು. ಉಳಿದವರು ತಂತಮ್ಮ ಬುಟ್ಟಿಯಿಂದ ಅವಳಿಗೆ ಪಾಲು ತೆಗೆದಿಡಬೇಕು. ಸುಮ್ಮನೆ ನಿಂತವಳಿಗೆ ಪಾಲು ಯಾಕೆ ಎಂದು ಕೆಲವರು ಗೊಣಗಿದರು. ಮೊದಲ ದಿನ ನೀತಾಳೇ ನಿಂತಳು, ಗೊಣಗಾಟ ಅಡಗಿತು. ಗೂಟ ಅಲ್ಲೇ ಇದೆ. ಅದನ್ನು ಈಗ ಯಾರೂ ನೋಡುವುದಿಲ್ಲ, ಕೀಳುವುದೂ ಇಲ್ಲ.

ಮಳೆಗಾಲ ಹಿಡಿಯುವ ಮುನ್ನ ತುಳಸಿದಾಸ ಬೇಲೆಕೇರಿಯಲ್ಲಿ ಮಗಳ ಮನೆಯ ಜಗಲಿಯ ಮೇಲೆ, ಊಟ ಮುಗಿಸಿ ಕೈ ತೊಳೆದು ಬಂದು ಕುಳಿತವನು, ಎದೆ ಹಿಡಿದುಕೊಂಡು ತೀರಿಕೊಂಡ. ಕಾಶಿ ಬಸ್ಸು ಹತ್ತಿ ಅಂಕೋಲೆಗೆ ಹೋಗಿ, ಅಲ್ಲಿಂದ ರಿಕ್ಷಾದಲ್ಲಿ ಬೇಲೆಕೇರಿಗೆ ಹೋದಳು. ಅಳಲಿಲ್ಲ. ಮನೆಯೊಳಗೆ ಹೊಸ ಫ್ರಿಜ್ಜು, ಹೊಸ ಬೀರು ಏನಾದರೂ ಇದೆಯೇ ಎಂದು ಅವಳ ಕಣ್ಣು ಒಮ್ಮೆ ಗೋಡೆಯಿಂದ ಗೋಡೆಗೆ ಹರಿದದ್ದನ್ನು ವೈಜಯಂತಿ ಕಂಡಳು.

"ನೋಡಿಕೋ, ನೋಡಿಕೋ," ಎಂದಳು ವೈಜಯಂತಿ. "ಅವರಿದ್ರೆ ತಾವೇ ಒಳಗೆ ಕರ್ಕೊಂಡು ಹೋಗಿ ತೋರಿಸ್ತಿದ್ರು."

ತುಳಸಿದಾಸ ಗಣಪತಿ ಹರಿಕಂತ್ರ ಬಿಟ್ಟುಹೋದದ್ದು ಇಷ್ಟು:

ಹೆಂಡತಿ ವೈಜಯಂತಿ, ಮಗಳು ಅಮಿತಾ, ಅಳಿಯ, ಒಬ್ಬ ಮೊಮ್ಮಗಳು.

ಕೋಡಿಬಾಗದಲ್ಲಿ ಹಂಚಿನ ಮನೆಯ ಅರ್ಧಪಾಲು; ಉಳಿದರ್ಧ ತಮ್ಮನದು.

ಬಂದರಿನವರು ಕೊಟ್ಟ ಮಳೆಯಂಗಿ, ಮೊಣಕೈಯಲ್ಲಿ ಹರಿದದ್ದು.

ಅರ್ಧ ಹೆಣೆದ ಬೀಸುಬಲೆ.

ಒಂದು ಚಿಕ್ಕ ದೋಣಿ. ಅದನ್ನು ಅಮಿತಾ ತಿಸ್ರೆಯ ಹೆಂಗಸರಿಗೆ ಬಿಟ್ಟುಕೊಟ್ಟಿದ್ದಾಳೆ. ಡಾಂಬರು ಬಳಿಯುವ ಸರದಿ ಯಾರದೆಂದು ಜಗಳವಿದೆ.

ಒಳಹರಿವಿನ ಹೊಂಡಗಳ ಬಗ್ಗೆ ಕಚೇರಿಗೆ ಕೊಟ್ಟ ದೂರು, ಉತ್ತರ ಬಂದಿಲ್ಲ.

ನೀತಾ, ಅವಳ ಕೂಸು.

ಮರಳಿನ ದೋಣಿಯವರು ಅವನಿಗೆ ಚಹಾ, ಬಿಸ್ಕಿಟ್ಟು ಬಿಟ್ಟು ಬೇರೇನೂ ಕೊಟ್ಟಿರಲಿಕ್ಕಿಲ್ಲ ಎಂಬ ಕಾಶಿಯ ಮಾತು. ಕೊಟ್ಟಿಲ್ಲ ಎಂದು ಅವಳು ಇನ್ನೂ ಹೇಳಿಲ್ಲ.