ಲೋಕಯ್ಯನ ಮಾತಿನ ಪ್ಯಾಂಟು

ಬೆಳ್ತಂಗಡಿಯಿಂದ ಚಾರ್ಮಾಡಿಯವರೆಗೆ ಲೋಕಯ್ಯ ಉರುಳಿಸಿದ ಮರಗಳನ್ನೆಲ್ಲ ಸಾಲಾಗಿ ಮಲಗಿಸಿದ್ದರೆ ಅವುಗಳ ಮೇಲೆ ನಡೆದುಕೊಂಡೇ ದುಬೈಗೆ ಹೋಗಬಹುದಿತ್ತು. ಅವನ ಅಪ್ಪ ಕೊಡಲಿಯವನು. ಒಂದು ಹಲಸಿನ ಮರಕ್ಕೆ ಎರಡು ದಿನ ತೆಗೆದುಕೊಳ್ಳುತ್ತಿದ್ದ. ಮಗ ಮರ ಕೊಯ್ಯುವ ಮೆಷಿನ್ ಹಿಡಿದ ಮೇಲೆ, ಮನೆಯವರು ಚಹಾಕ್ಕಿಟ್ಟ ನೀರು ಕುದಿಯುವಷ್ಟರಲ್ಲಿ ಮರ ಮಲಗಿರುತ್ತಿತ್ತು. ಆ ಮೆಷಿನಿನ ಸದ್ದಿಗೆ ಘಾಟಿ ಇಳಿಯುತ್ತಿದ್ದ ಬಸ್ಸೊಂದು ಹೆದರಿ ವಾಪಸು ಹತ್ತಿತ್ತು. ನಂಬದವರು ಬಸ್ಸನ್ನೇ ಕೇಳಬಹುದು.

ಇಷ್ಟೆಲ್ಲ ಮಾಡಿದ್ದು ಒಂದು ಲುಂಗಿಯಲ್ಲಿ. ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿದ ಲುಂಗಿ, ಕಾಲಿಗೆ ಹವಾಯಿ ಚಪ್ಪಲಿ. ಮೆಷಿನಿನ ಹಲ್ಲಿಗೂ ಅವನ ತೊಡೆಗೂ ನಡುವೆ ಒಂದು ಗೇಣು ಗಾಳಿ. ಇಪ್ಪತ್ತೈದು ವರ್ಷ ಆ ಗಾಳಿಯೇ ಅವನನ್ನು ಕಾದಿತ್ತು.

ಅವನ ಹೆಂಡತಿ ರಾಜೀವಿ ಜಗಲಿಯಲ್ಲಿ ಬೀಡಿ ಕಟ್ಟುತ್ತಾ ಆ ಸದ್ದಿಗೆ ಕಿವಿ ಕೊಟ್ಟಿರುತ್ತಿದ್ದಳು. ಸದ್ದು ನಿಂತರೆ ಅವಳ ಬೆರಳೂ ನಿಲ್ಲುತ್ತಿತ್ತು. ಮತ್ತೆ ಶುರುವಾದರೆ ಬೆರಳೂ ಶುರು.

ಕಳೆದ ವರ್ಷ ವಿಟ್ಲದ ನಿಝಾರ್ ಗಲ್ಫಿನಿಂದ ರಜೆಯಲ್ಲಿ ಬಂದಿದ್ದ. ಅಲ್ಲಿ ಪಾರ್ಕುಗಳ ಮರ ಕತ್ತರಿಸುವುದೇ ಅವನ ಕೆಲಸ. ಮನೆ ಹಿಂದಿನ ಮಾವಿನ ಮರ ತೆಗೆಸಲು ಲೋಕಯ್ಯನನ್ನು ಕರೆಸಿದವನು, ಆ ಲುಂಗಿಯನ್ನು ನೋಡಿ ಕೆಲಸವನ್ನೇ ನಿಲ್ಲಿಸಿದ. ಒಳಗಿನಿಂದ ದಪ್ಪದ ಒಂದು ಪ್ಯಾಂಟು ತಂದು ಕೈಗೆ ಕೊಟ್ಟ.

"ಲೋಕಯ್ಯಣ್ಣ, ಇದರ ಒಳಗೆ ಪದರ ಪದರ ನೂಲು ಉಂಟು. ಮೆಷಿನಿನ ಹಲ್ಲಿನ ಚೈನು ತಾಗಿದರೆ ಆ ನೂಲು ಎಳೆದುಕೊಂಡು ಹೋಗಿ ಚೈನಿಗೆ ಸುತ್ತುತ್ತದೆ. ಮೆಷಿನ್ ಅಲ್ಲಿಗೇ ಜಾಮ್."

"ಹಲಸಿನ ಮರ ನಿಲ್ಲಿಸದ ಮೆಷಿನನ್ನು ನೂಲು ನಿಲ್ಲಿಸುತ್ತದಾ? ಇದು ಹಿಮ ಬೀಳುವ ಊರಿನವರಿಗೆ ಮಾರಾಯ."

"ನಾನಿರುವ ಊರಲ್ಲಿ ಹಿಮ ಬೀಳುತ್ತದಾ? ಅಲ್ಲಿ ಮೊಟ್ಟೆ ನೆಲಕ್ಕೆ ಒಡೆದರೆ ಆಮ್ಲೆಟ್. ಅಲ್ಲೂ ನಾವು ಇದನ್ನು ಹಾಕುವುದಿಲ್ಲವಾ?"

ಲೋಕಯ್ಯ ಅದನ್ನು ಮನೆಯ ಅಟ್ಟಕ್ಕೆ ಎಸೆದ. ರಾಜೀವಿ ಇಳಿಸಿದಳು. ನಿಝಾರ್ ಹೇಳಿದ್ದೇನು ಎಂದು ಗಂಡನ ಬಾಯಿಂದಲೇ ಹೊರಡಿಸಿ, ಕೈ ಹಿಡಿದು ಮನೆಯೆದುರಿನ ಕಲ್ಲುರ್ಟಿ ಅಮ್ಮನ ದೈವಕಟ್ಟೆಗೆ ಎಳೆದುಕೊಂಡು ಹೋದಳು.

"ಈ ಪ್ಯಾಂಟು ಹಾಕದೆ ಮೆಷಿನ್ ಮುಟ್ಟುವುದಿಲ್ಲ ಅಂತ ಅಮ್ಮನ ಎದುರು ಹೇಳಿ."

"ನಾಳೆ ಹೇಳ್ತೇನೆ."

"ಹಾಗಾದರೆ ಊಟವೂ ನಾಳೆ."

ಅವನು ಹೇಳಿದ. ನಮ್ಮಲ್ಲಿ ಪಂಚಾಯತಿಗೆ ಸುಳ್ಳು ಹೇಳಬಹುದು, ಕೋರ್ಟಿಗೂ ಹೇಳಬಹುದು. ದೈವಕ್ಕೆ ಕೊಟ್ಟ ಮಾತು ತಪ್ಪಿದವನನ್ನು ನಾನು ನೋಡಿಲ್ಲ. ಇದ್ದರೆ ಅವನು ಈ ಊರಿನಲ್ಲಿಲ್ಲ.

ಅದು ಏಪ್ರಿಲ್ ತಿಂಗಳು. ಕಾಗೆಗಳೂ ಬಾವಿಯೊಳಗೆ ಹೋಗಿ ಕೂರುವ ಸೆಖೆ. ಮೂರು ದಿನ ಲೋಕಯ್ಯ ಪ್ಯಾಂಟು ಹಾಕಿದ. ಸಂಜೆ ಅದನ್ನು ಹಿಂಡಿದರೆ ಬರುತ್ತಿದ್ದ ಬೆವರಿನಲ್ಲಿ ಅರ್ಧ ಎಕರೆಗೆ ನೀರು ಬಿಡಬಹುದಿತ್ತು. ಜೊತೆಗೆ ಹಗ್ಗ ಹಿಡಿಯುವ ರುಕ್ಮಯ್ಯನ ಬಾಯಿ ಬೇರೆ. ಅವನು ರಾಜೀವಿಯ ತಮ್ಮ.

"ಭಾವ, ಚಂದ್ರಲೋಕಕ್ಕೆ ಯಾವಾಗ ಹೊರಡುವುದು?"

ನಾಲ್ಕನೇ ದಿನ ಲೋಕಯ್ಯ ಟೈಲರ್ ವಸಂತನ ಅಂಗಡಿಗೆ ಹೋದ.

"ಇದರ ಒಳಗಿನ ಹತ್ತಿಯೆಲ್ಲ ತೆಗೆ. ಹೊರಗಿನ ಬಟ್ಟೆ ಮಾತ್ರ ಸಾಕು."

"ರಾಜೀವಕ್ಕನಿಗೆ ಗೊತ್ತುಂಟಾ?"

"ನಾನು ಮಾತು ಕೊಟ್ಟದ್ದು ಪ್ಯಾಂಟಿಗೆ. ಹತ್ತಿಯ ಮಾತು ಬರಲಿಲ್ಲ."

"ಕಲ್ಲುರ್ಟಿಗೆ ಟೈಲರಿಂಗ್ ಗೊತ್ತಿಲ್ಲ ಅಂತ ಮಾಡಿದ್ದೀರಾ ಲೋಕಣ್ಣ?" ಎಂದು ವಸಂತ ನಕ್ಕ. ನಗುತ್ತಲೇ ಹೊಲಿಗೆ ಬಿಚ್ಚಿದ. ಹೊರಬಂದದ್ದು ಹತ್ತಿಯಲ್ಲ, ಬೆಳ್ಳಗಿನ ನೂಲಿನ ಪದರಗಳು. ಬಿಸಾಡುವುದು ಯಾಕೆಂದು ಅದನ್ನೇ ತುಂಬಿಸಿ ಒಂದು ದಿಂಬು ಹೊಲಿದು, ಬರಿದಾದ ಪ್ಯಾಂಟಿನ ಜೊತೆಗೆ ಕೊಟ್ಟ. "ಟೈಲರ್ ಪುಕ್ಕಟೆ ಕೊಟ್ಟ" ಎಂದು ಲೋಕಯ್ಯ ದಿಂಬನ್ನು ಹೆಂಡತಿಯ ಕೈಗಿತ್ತ. ಮರುದಿನ ಬೆಳಿಗ್ಗೆ ಕಟ್ಟೆಗೆ ಕೈಮುಗಿದು, ಪ್ಯಾಂಟು ಹಾಕಿ, ಹಗುರವಾಗಿ ಹೊರಟ. ರಾಜೀವಿ ನೆಮ್ಮದಿಯಿಂದ ನೋಡಿದಳು.

ಮೇ ಎರಡನೇ ವಾರ, ಮನೆಯಿಂದ ಕೂಗಳತೆಯಲ್ಲಿ ಹಳೆಯ ರಬ್ಬರ್ ಮರಗಳನ್ನು ತೆಗೆಯುವ ಕೆಲಸ. ಬಿದ್ದ ಮರವೊಂದರ ಗೆಲ್ಲು ನೆಲಕ್ಕೆ ಒತ್ತಿ ಬಿಲ್ಲಿನಂತೆ ಬಾಗಿತ್ತು. ಲೋಕಯ್ಯ ಅದನ್ನು ಕೊಯ್ದ. ಗೆಲ್ಲು ಚಿಮ್ಮಿ ಮೆಷಿನಿಗೆ ಹೊಡೆಯಿತು, ಮೆಷಿನ್ ತಿರುಗಿ ಎಡ ತೊಡೆಯ ಮೇಲೆ ಬಿತ್ತು. ಬಟ್ಟೆ ಅದನ್ನು ಒಂದು ಕ್ಷಣವೂ ತಡೆಯಲಿಲ್ಲ. ರುಕ್ಮಯ್ಯ ತನ್ನ ಲುಂಗಿ ಬಿಚ್ಚಿ ತೊಡೆಯ ಬುಡಕ್ಕೆ ಬಿಗಿದು, ಚಡ್ಡಿಯಲ್ಲೇ ರಸ್ತೆಗೆ ಓಡಿ ಪಿಕಪ್ ನಿಲ್ಲಿಸಿದ. ಇದರಲ್ಲಿ ನಾನು ಸೇರಿಸಿದ್ದು ಏನೂ ಇಲ್ಲ.

ಜಗಲಿಯಲ್ಲಿ ರಾಜೀವಿಯ ಬೆರಳು ನಿಂತಿತು. ಸದ್ದು ಮತ್ತೆ ಶುರುವಾಗಲಿಲ್ಲ.

ಮಂಗಳೂರಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ನಾಲ್ಕನೇ ದಿನ ಕಾಲನ್ನು ಮೊಣಕಾಲಿನ ಮೇಲಿನಿಂದ ಕತ್ತರಿಸಿ ತೆಗೆದರು. ಡಾಕ್ಟರು ಹರಿದ ಪ್ಯಾಂಟನ್ನು ರಾಜೀವಿಗೆ ತೋರಿಸಿದರು. "ಇದು ಒಳ್ಳೆಯ ಪ್ಯಾಂಟಮ್ಮ. ಆದರೆ ಒಳಗೆ ಏನೂ ಇಲ್ಲವಲ್ಲ?" ಅವಳಿಗೆ ತಿಳಿಯಲಿಲ್ಲ. ಗಂಡ ಗೋಡೆಯ ಕಡೆ ತಿರುಗಿದ್ದ.

ತಿಳಿದದ್ದು ಮನೆಗೆ ಬಂದ ಮೇಲೆ. ನೋಡಲು ಬಂದ ವಸಂತ ಹೊಸಿಲು ದಾಟಿದವನೇ ನಿಂತುಬಿಟ್ಟ. ಮೋಟು ತೊಡೆಯ ಕೆಳಗೆ ಅವನೇ ಹೊಲಿದ ದಿಂಬು.

"ಅಕ್ಕ, ಅದನ್ನು ತೆಗೆಯಿರಿ," ಎಂದ. ಮತ್ತೆ ಅಲ್ಲೇ ಕೂತು ಎಲ್ಲವನ್ನೂ ಹೇಳಿದ.

ರಾಜೀವಿ ಬೈಯಲಿಲ್ಲ. ಗಂಡನನ್ನು ಕೇಳಿದಳು: "ಅಮ್ಮನಿಗೆ ಮಾತು ತಪ್ಪಲಿಲ್ಲ ಅಲ್ಲವಾ?"

"ಇಲ್ಲ."

"ಆಯಿತು." ದಿಂಬನ್ನು ಕೊಡವಿ ಸರಿಮಾಡಿ ಮತ್ತೆ ಅಲ್ಲಿಯೇ ಇಟ್ಟಳು. ಬೇರೆ ದಿಂಬು ಕೊಡು ಎಂದು ಕೇಳಲು ಲೋಕಯ್ಯನಿಗೆ ಬಾಯಿ ಬರಲಿಲ್ಲ. ಜೂನ್ ಕಳೆಯಿತು, ಜುಲೈಯೂ ಕಳೆಯಿತು, ದಿಂಬು ಅದೇ.

ಆಗಸ್ಟಿನಲ್ಲಿ ರುಕ್ಮಯ್ಯ ಬಂದ. ಬಾಗಿಲ ಮೂಲೆಯಲ್ಲಿದ್ದ ಮೆಷಿನನ್ನೂ ಭಾವನನ್ನೂ ಸರದಿಯ ಮೇಲೆ ನೋಡಿದ.

"ಭಾವ, ಮೆಷಿನ್ ಸುಮ್ಮನೆ ಬಿದ್ದುಕೊಂಡಿದೆ. ನಾನು ತೆಗೆದುಕೊಂಡು ಹೋಗಲಾ?"

"ನಿಝಾರ್‌ಗೆ ಫೋನ್ ಮಾಡು. ಹೊಸ ಪ್ಯಾಂಟು ಬರಲಿ, ಮತ್ತೆ ಕೊಡ್ತೇನೆ."

"ಅದು ಸೆಖೆ ಅಲ್ಲವಾ ಭಾವ?"

ಲೋಕಯ್ಯ ಮೋಟು ತೊಡೆಯನ್ನು ಎರಡೂ ಕೈಯಲ್ಲಿ ಎತ್ತಿ, ಕೆಳಗಿದ್ದ ದಿಂಬನ್ನು ಎಳೆದು ಅವನ ಮಡಿಲಿಗೆ ಹಾಕಿದ.

"ಮುಟ್ಟಿ ನೋಡು. ಎಷ್ಟು ಸೆಖೆ ಉಂಟು ಹೇಳು."

ರುಕ್ಮಯ್ಯ ದಿಂಬಿನ ಮೇಲೆ ಕೈಯಿಟ್ಟುಕೊಂಡು ಕೂತ. ಆಮೇಲೆ ಫೋನ್ ತೆಗೆದ. ಜಗಲಿಯಲ್ಲಿ ರಾಜೀವಿಯ ಬೆರಳು ನಿಂತಿತ್ತು. ಆ ಕಡೆಯಿಂದ ನಿಝಾರ್ "ಹಲೋ" ಎಂದ ಮೇಲೆ ಒಂದು ಬೀಡಿ ಕಟ್ಟಿದಳು.